ನನ್ನ ಮದುವಣಗಿತ್ತಿಯರು ಆರಿಸಿಕೊಟ್ಟ ಸಿಮ್

ಮೊನ್ನೆ ನನ್ನ ಒಂದು ಫೋನ್ ಕಾಲ್‌ಗೋಸ್ಕರ ಸರ್ಕಾರಿ ಬಸ್ಸು ರಿವರ್ಸ್ ಬಂತು ಮಾರಾಯ್ರೇ! ಇನ್ನೂ ನನಗೇ ನಂಬಲು ಆಗುತ್ತಿಲ್ಲ.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾನು ಶಿರಸಿಯಲ್ಲಿ ಮೊಗ್ಗಿನ ಜಡೆ ಕಟ್ಟುವವಳು. ಮದುವೆ, ಸೀಮಂತ ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗುತ್ತೇನೆ. ಬುಕಿಂಗ್ ಎಲ್ಲ ಫೋನಿನಲ್ಲೇ. ಆದರೆ ಪೇಟೆ ದಾಟಿದರೆ ನನ್ನ ಫೋನು ಟೈಮ್ ನೋಡುವುದಕ್ಕೆ ಮಾತ್ರ...

ಕಳೆದ ಸೀಸನ್ನಿನಲ್ಲಿ ಹೀಗೇ ಒಳ್ಳೊಳ್ಳೆ ಮದುವೆಗಳು ಕೈತಪ್ಪಿದವು. "ನಿಮ್ಮ ಫೋನ್ ಹತ್ತಲೇ ಇಲ್ಲ" ಅಂದರು.

ಈ ಸಲ ಕಿರವತ್ತಿಯಿಂದ ರತ್ನಕ್ಕ ಕೇಳಿದ್ದರು. ಹೈವೇ ಪಕ್ಕ ಧಾಬಾ ನಡೆಸುವವರು. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಮಂಟಪದಲ್ಲಿ ಮದುವೆ! ಆ ಕಡೆಯಿಂದ ನನಗೆ ಬಂದ ಮೊದಲ ದೊಡ್ಡ ಕೆಲಸ.

"ನಾಳೆ ಬೀಗರನ್ನ ಕೇಳಿ ಫೋನ್ ಮಾಡ್ತೀನ್ರೀ. ಮಧ್ಯಾಹ್ನದೊಳಗ ನೀವು ಸಿಗಲಿಲ್ಲಂದ್ರ ಹುಬ್ಬಳ್ಳಿಯವ್ರಿಗೆ ಹೇಳಿಬಿಡ್ತೀವಿ" ಅಂದರು.

ನಾಳೆ ಅಂದರೆ... ನಾನು ಸಿದ್ದಾಪುರದ ಒಳಗಿನ ಹಳ್ಳಿಗೆ ಸೀಮಂತದ ಜಡೆ ಕಟ್ಟಲು ಹೊರಟ ದಿನ!

ಮೊಬೈಲ್ ಅಂಗಡಿಗೆ ಓಡಿದೆ. ಅಂಗಡಿಯವರು "ದಿನಕ್ಕೆ ಎರಡು ಜಿಬಿ, ಜೊತೆಗೆ ಸಿನಿಮಾ ಫ್ರೀ" ಎಂದು ಶುರು ಮಾಡಿದರು. ಅಲ್ಲ, ದಿನವಿಡೀ ಎರಡೂ ಕೈ ಹೂವಿನಲ್ಲಿ ಇರುವವಳು ಸಿನಿಮಾ ಯಾವಾಗ ನೋಡಲಿ?

ಹಳ್ಳಿಯಲ್ಲಿ ಕಾಲ್ ಬರಬೇಕು, ಕಡಿಮೆ ದುಡ್ಡಾಗಬೇಕು, ಅಷ್ಟೇ ಎಂದೆ. "ಎಲ್ಲದೂ ಫುಲ್ ಅಕ್ಕಾ, ನೋಡಿ" ಎಂದು ತಮ್ಮ ಫೋನನ್ನೇ ತೋರಿಸಿದರು. ಶಿರಸಿ ಪೇಟೆಯ ನಡುವೆ ನಿಂತು!

ಮನೆಯಲ್ಲಿ ಕೇಳಿದರೆ ಯಜಮಾನರಿಗೆ ಅವರ ಸಿಮ್ಮೇ ಬೆಸ್ಟ್, ಅತ್ತಿಗೆಗೆ ಅವಳ ಸಿಮ್ಮೇ ಬೆಸ್ಟ್. ಇಬ್ಬರೂ ವೈಫೈ ಬಿಟ್ಟು ಅಂಗಳಕ್ಕೂ ಇಳಿಯದವರು...

ಆಗ ಹೊಳೆಯಿತು ನೋಡಿ. ನನ್ನ ಮದುವಣಗಿತ್ತಿಯರು!

ನಾನು ಜಡೆ ಕಟ್ಟಿದ ಹುಡುಗಿಯರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಎಲ್ಲರೂ ಈಗ ಮೂರು ತಾಲ್ಲೂಕಿನ ಮೂಲೆಮೂಲೆಯಲ್ಲಿ ಗಂಡನ ಮನೆಯಲ್ಲಿದ್ದಾರೆ. ಹೊಸ ಮನೆಗೆ ಹೋದ ಹುಡುಗಿ ಮೊದಲು ಹುಡುಕುವುದು ಏನು ಹೇಳಿ? ಅಮ್ಮನ ಹತ್ತಿರ ಮಾತಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು!

"ನಿಮ್ಮೂರಲ್ಲಿ ಯಾವ ಸಿಮ್ ಹಿಡಿಯುತ್ತೆ ಹೇಳ್ರೇ" ಎಂದು ವಾಯ್ಸ್ ಮೆಸೇಜ್ ಹಾಕಿದೆ. ಉತ್ತರಗಳ ಸುರಿಮಳೆ! ಒಬ್ಬಳಿಗೆ ಕೊಟ್ಟಿಗೆಯ ಹಿಂದೆ, ಒಬ್ಬಳಿಗೆ ನೀರಿನ ಟ್ಯಾಂಕ್ ಮೇಲೆ, ಇನ್ನೊಬ್ಬಳಿಗೆ ಬಚ್ಚಲುಮನೆ ಕಿಟಕಿಯಲ್ಲಿ ಮಾತ್ರವಂತೆ. ನಕ್ಕು ನಕ್ಕು ಸುಸ್ತಾದೆ. ಆದರೆ ಹೆಚ್ಚಿನವರು ಹೇಳಿದ್ದು ಒಂದೇ ಸಿಮ್ಮಿನ ಹೆಸರು.

ನಾನು ಮರುದಿನ ಹೋಗುವ ದಾರಿಯಲ್ಲೇ ಇರುವ ಸುಮಾ ಹೇಳಿದಳು, "ಅಕ್ಕಾ, ನಮ್ಮನೇಲಿ ಎಂತದೂ ಸಿಗ್ತಿಲ್ಲೆ. ಮೇಲೆ ರಸ್ತೆ ತಿರುವಲ್ಲಿ ಈ ಸಿಮ್ ಒಂದೇ ಹಿಡಿತು. ಆನು ದಿನಾ ಕೆಲಸ ಮುಗಿಸ್ಕಂಡು ಅಲ್ಲೇ ಹೋಗಿ ಅಮ್ಮಂಗೆ ಫೋನ್ ಮಾಡ್ತೆ."

ಸಂಜೆಯೊಳಗೆ ಅದೇ ಸಿಮ್ ತಂದೆ. ಕಾಲ್ ಫ್ರೀ, ಡೇಟಾ ಚೂರೇ ಚೂರು, ವ್ಯಾಲಿಡಿಟಿ ಜಾಸ್ತಿ. ರೀಚಾರ್ಜು ಹಳೆಯದರ ಅರ್ಧಕ್ಕಿಂತ ಕಡಿಮೆ! ಹೊಸ ನಂಬರನ್ನು ರತ್ನಕ್ಕನಿಗೆ ಕೊಟ್ಟೆ.

ಮರುದಿನ ಬಸ್ಸು ಸಿದ್ದಾಪುರ ದಾಟಿತು. ಸಿಗ್ನಲ್ ಕಡ್ಡಿ ಒಂದೊಂದೇ ಕಡಿಮೆಯಾಗಿ... ಹೊಸ ಸಿಮ್ಮೂ ಖಾಲಿ! ನನ್ನ ಮುಖ ನೋಡಿ ಪಕ್ಕದ ಅಜ್ಜಿ, "ಎಂತಾತು ತಂಗಿ, ಹುಷಾರಿಲ್ಯ?" ಅಂದರು. ಎಲ್ಲ ಹೇಳಿಕೊಂಡೆ. ಅಜ್ಜಿಗೆ ಹೇಳಿದ್ದು ಇಡೀ ಬಸ್ಸಿಗೆ ಹೇಳಿದ ಹಾಗೆಯೇ ಆಯಿತು.

ಏರು ಹತ್ತಿ ಸುಮಾ ಹೇಳಿದ್ದ ತಿರುವಿಗೆ ಬಂದೆವು. ಫೋನ್ ರಿಂಗಾಯಿತು!!

"ಅಕ್ಕಾರ, ಮುಂಜಾನಿಂದ ಹಚ್ಚಾಕತ್ತೀನಿ, ಈಗ ಹತ್ತಿತು ನೋಡ್ರಿ! ಎರಡೂ ಜಡಿಗೆ..." ಅಷ್ಟರಲ್ಲಿ ಬಸ್ಸು ತಿರುವು ದಾಟಿತು, ರತ್ನಕ್ಕನ ದನಿ ತುಂಡು ತುಂಡಾಯಿತು.

"ಹೋತು, ಹೋತು! ಬಸ್ ನಿಲ್ಸಾ!" ಎಂದು ಅಜ್ಜಿ ಕೂಗಿದರು. ಕಂಡಕ್ಟರ್ ಸೀಟಿ ಊದಿಯೇಬಿಟ್ಟರು.

"ಯಾರಪಾ ಇಳಿಯೋರು?" ಎಂದರು ಡ್ರೈವರ್.

"ಯಾರೂ ಇಳಿಯಂಗಿಲ್ಲ, ಅಕ್ಕಾರಿಗೆ ಫೋನ್ ಬಂದೈತಿ! ಚೂರು ಹಿಂದ ತಗೋ!" ಎಂದರು ಕಂಡಕ್ಟರ್.

ತಗೊಂಡರು ಕಣ್ರೀ! ನಾನು ಸ್ಪೀಕರ್ ಹಾಕಿದೆ, ಇಡೀ ಬಸ್ಸು ಕಿವಿಗೊಟ್ಟಿತು. ರತ್ನಕ್ಕ ಯಾವ ಮಲ್ಲಿಗೆ ಹಾಕುತ್ತೀರಿ ಎಂದು ಕೇಳಿದರೆ ಹಿಂದಿನ ಸೀಟಿನಿಂದ "ಸೂಜಿ ಮಲ್ಲಿಗೆ ಹೇಳಿ!" ಎಂದು ಯಾರೋ ಕೂಗುತ್ತಾರೆ. ಕೊನೆಗೆ "ಆತ್ರಿ, ನೀವ ಬರ್ರಿ" ಎಂದರು. ನಾನು ಹೆಬ್ಬೆರಳು ಎತ್ತಿದ್ದೇ ತಡ, ಬಸ್ಸಿನ ತುಂಬ ಚಪ್ಪಾಳೆ!

ಆಗ ಕಿಟಕಿಯ ಹೊರಗೆ ನೋಡುತ್ತೇನೆ... ಮೋರಿ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿದ್ದಾಳೆ ಸುಮಾ!

"ಅಮ್ಮಾ, ಯನ್ನ ಜಡೆ ಕಟ್ಟಿದ ಅಕ್ಕ ಬಸ್ಸಲ್ಲಿ ಇದ್ದು!" ಎಂದು ಕಿರುಚಿ ಓಡಿಬಂದು ಫೋನನ್ನು ಕಿಟಕಿಯೊಳಗೆ ತುರುಕಿದಳು. ಆ ಕಡೆಯಿಂದ ಅವಳಮ್ಮ, "ತಂಗೀ, ಕೂಸು ಬಡವಾಜ? ಸಮಾ ನೋಡಿ ಹೇಳು" ಎಂದರು.

ಇಲ್ಲ, ನಿಮ್ಮ ಮಗಳು ಚೂರೂ ಸೊರಗಿಲ್ಲ, ಚೆನ್ನಾಗಿದ್ದಾಳೆ ಎಂದೆ. ಫೋನ್ ವಾಪಸ್ ಕೊಡುತ್ತಾ ಕಿಟಕಿಯಿಂದಲೇ ಅವಳ ತಲೆ ಸವರಿದೆ.

ಸಿಮ್ ಯಾವುದು ಎಂದು ಕಮೆಂಟಿನಲ್ಲಿ ಕೇಳಬೇಡಿ, ನಿಮ್ಮೂರಿಗೆ ಹೊಸದಾಗಿ ಬಂದ ಸೊಸೆಯನ್ನು ಕೇಳಿ.