ಬಿಚ್ಚಿದ ಕಾಲರುಗಳು

ಮಧ್ಯಾಹ್ನ ಊಟವಾದ ಮೇಲೆ ಟೈಲರಮ್ಮ ಹೊಲಿಗೆ ಮೆಷಿನ್ನಿಗೆ ತಲೆಯಾನಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಎದ್ದು ನೋಡಿದರೆ, ಬೆಳಿಗ್ಗೆ ಹೊಲಿದ ಕಾಲರುಗಳೆಲ್ಲ ಬಿಚ್ಚಿಕೊಂಡಿರುತ್ತಿದ್ದವು! ಹರಿದು ಹಾಕಿದ್ದಲ್ಲ. ಒಂದೊಂದೇ ಹೊಲಿಗೆ ಕಿತ್ತು, ಆ ದಾರವನ್ನು ಉಂಗುರದ ಹಾಗೆ ಸುತ್ತಿ, ಯಾರೋ ಸೂಜಿಯ ಕೆಳಗೆ ಇಟ್ಟಿರುತ್ತಿದ್ದರು.

ಹಾಗೆ ದಾರ ಸುತ್ತಿಡುತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ, ಅವಳ ತಾಯಿ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು.

ಕೆಲಸ ಕಲಿಸಿದ್ದೂ ಆಕೆಯೇ. ಮಗಳು ಹೊಲಿದದ್ದನ್ನು ಬೆಳಕಿಗೆ ಹಿಡಿದು, ಮೂಗು ಮುರಿದು, ಅರ್ಧ ಬ್ಲೇಡಿನಿಂದ ಬಿಚ್ಚಿ, ‘ಇನ್ನೊಂದ್ಸಲ ಹೊಲಿ’ ಎನ್ನುತ್ತಿದ್ದಳು. ಮಗಳು ಸ್ವಂತ ಅಂಗಡಿ ಇಟ್ಟು ಊರೆಲ್ಲ ಹೊಗಳಿದರೂ ಆ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲ. ಎಂಥ ಹೆತ್ತ ಕರುಳೋ, ದೇವರೇ ಬಲ್ಲ!

ಈಗ ಆಸ್ಪತ್ರೆಯೊಂದರ ಸಮವಸ್ತ್ರ ಹೊಲಿಯುವ ದೊಡ್ಡ ಕೆಲಸ ಸಿಕ್ಕಿತ್ತು. ಸೋಮವಾರ ಕೊಡದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು.

‘ಇಲಿ ಇರ್ಬೇಕು ಕಣೇ’ ಎಂದ ಗಂಡ.

‘ಇಲಿ ಇಷ್ಟು ಅಚ್ಚುಕಟ್ಟಾಗಿದ್ರೆ ಅದನ್ನೇ ಕೆಲಸಕ್ಕೆ ಇಟ್ಕೊತಿದ್ದೆ ರೀ.’

ಕೊನೆಗೆ ಟೈಲರಮ್ಮ ಕಾಲೇಜಿಗೆ ಹೋಗುವ ತನ್ನ ಮಗಳನ್ನೇ ಕಾವಲಿಗೆ ಕೂರಿಸಿ, ಬಾಗಿಲಿಗೆ ಚಿಲಕ ಹಾಕಿ, ಮಲಗಿದಳು. ಎಚ್ಚರವಾದಾಗ ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

‘ಯಾರು ಬಂದಿದ್ರು?’

‘ಯಾರೂ ಇಲ್ಲಮ್ಮ. ನೀನೇ ಬಿಚ್ತಿದ್ದೆ, ಕಣ್ಣು ಮುಚ್ಕೊಂಡೇ. ಇನ್ನೊಂದ್ಸಲ ಹೊಲಿ ಅಂದೆ. ಅದು ಅಜ್ಜಿ ದನಿ ಅಮ್ಮ.’

ಟೈಲರಮ್ಮನ ಬೆರಳ ಸಂದಿಯಲ್ಲಿ ಅರ್ಧ ಬ್ಲೇಡು ಇತ್ತು. ಕಳ್ಳರಾದರೆ ಬಾಗಿಲಿಗೆ ಬೀಗ ಹಾಕಬಹುದು, ತನ್ನ ಕೈಗೇ ಯಾವ ಬೀಗ ಹಾಕುವುದು?

ಮರುದಿನ ಮಂಪರಿನಲ್ಲಿ ಕೈ ತಾನಾಗಿ ಮೇಲೆದ್ದದ್ದು ಅವಳಿಗೇ ತಿಳಿಯಿತು. ತಡೆಯಲು ಆಗಲಿಲ್ಲ. ಮಗಳು ಬಂದು ಆ ಕೈ ಹಿಡಿದುಕೊಂಡಳು.

‘ಸಾಕು ಬಿಡು ಅಜ್ಜಿ. ಅಮ್ಮ ಚೆನ್ನಾಗೇ ಹೊಲಿದಿದ್ದಾಳೆ.’

ಬ್ಲೇಡು ನೆಲಕ್ಕೆ ಬಿತ್ತು. ಟೈಲರಮ್ಮನ ಬಾಯಿಂದಲೇ, ಅವಳದಲ್ಲದ ದನಿಯೊಂದು ಹೊರಟಿತು: ‘ಹ್ಞೂಂ. ಚೆನ್ನಾಗಿದೆ.’

ಬದುಕೆಲ್ಲ ಕಾದಿದ್ದ ಮಾತು! ಕೂದಲು ನರೆತ ಹೆಂಗಸು ಬಟ್ಟೆಯ ರಾಶಿಯಲ್ಲಿ ಮುಖವಿಟ್ಟು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಒಂದು ಹೊಲಿಗೆಯೂ ಬಿಚ್ಚಿಕೊಳ್ಳಲಿಲ್ಲ. ಸೋಮವಾರ ಸಮವಸ್ತ್ರಗಳು ಆಸ್ಪತ್ರೆ ಸೇರಿದವು.

ಮುಂದಿನ ವಾರ ಮಗಳು ತಾನೇ ಆಸೆಪಟ್ಟು ಒಂದು ಕಾಲರು ಹೊಲಿದು ತಂದಳು.

‘ಹೇಗಿದೆ ಅಮ್ಮ?’

ಟೈಲರಮ್ಮ ಅದನ್ನು ಬೆಳಕಿಗೆ ಹಿಡಿದಳು. ನಿದ್ದೆಯಿಲ್ಲ, ಮಂಪರಿಲ್ಲ, ಪೂರ್ತಿ ಎಚ್ಚರವಾಗಿದ್ದಳು. ಅವಳ ಇನ್ನೊಂದು ಕೈ ಆಗಲೇ ಮೇಜಿನ ಮೇಲೆ ಬ್ಲೇಡು ಹುಡುಕುತ್ತಿತ್ತು.