ಗಂಡಿಲಿಯ ಜೊಲ್ಲು, ನಾಲಬಂದನ ಬೆರಳು

೧೯೬೨ರಲ್ಲಿ ನಾನು ಬಸವನ ಬಾಗೇವಾಡಿಯಲ್ಲಿ ಬಸಂತರಾಯ ಡಾಕ್ಟರ ದವಾಖಾನೆಯ ಕಂಪೌಂಡರನಾಗಿದ್ದೆ. ಕೆಂಪು ಔಷಧಿಗೆ ನೀರು ಬೆರೆಸುವುದು, ಬಾಟಲಿಗೆ ಕಾಗದದ ಪಟ್ಟಿ ಅಂಟಿಸುವುದು, 'ಅಲ್ಲಾಡಿಸಿ ಕುಡೀರಿ' ಎನ್ನುವುದು, ಇಷ್ಟೇ ನನ್ನ ವಿದ್ಯೆ. ಆದರೂ ಬಿಳಿ ಕೋಟು ಹಾಕಿಕೊಂಡು ಚಹಾದಂಗಡಿಗೆ ಹೋದರೆ ಅರ್ಧ ಡಾಕ್ಟರನಾಗುತ್ತಿದ್ದೆ. ಉಳಿದರ್ಧವನ್ನು ಬಾಯಿಂದ ತುಂಬಿಕೊಳ್ಳುತ್ತಿದ್ದೆ. ಆ ಬಾಯಿ ಮಾಡಿದ ಅನಾಹುತವನ್ನು ಬಿಟ್ಟು ನಾಲಬಂದ ದಾವಲಮಲಿಕನ ಕಥೆ ಹೇಳಲು ಬರುವುದಿಲ್ಲ.

ದಾವಲಮಲಿಕ ಎತ್ತುಗಳಿಗೆ ನಾಲು, ಅಂದರೆ ಕಬ್ಬಿಣದ ಲಾಳ, ಬಡಿಯುವವನು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಎತ್ತಿಗೆ ರಜೆ ಇದ್ದ ದಿನವೇ ಇವನಿಗೆ ಸುಗ್ಗಿ. ಗೊಳಸಂಗಿಯ ಎತ್ತು, ಕೊಲ್ಹಾರದ ಎತ್ತು, ಎಲ್ಲವೂ ಬೇವಿನ ಗಿಡದ ಕೆಳಗೆ ಪಾಳಿ ಹಚ್ಚುತ್ತಿದ್ದವು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಗೊರಸು ಕೆತ್ತಿ, ನಾಲಿಟ್ಟು ಮೊಳೆ ಹೊಡೆಯಬೇಕು. ಮೊಳೆ ಗೊರಸಿನ ಗೋಡೆಯಲ್ಲೇ ಏರಬೇಕು; ಒಂದೆಳೆ ಒಳಗೆ ಹೊರಳಿದರೂ ಮಾಂಸಕ್ಕೆ ತಾಗಿ ಎತ್ತು ಕುಂಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಮೊಳೆ ಹಿಡಿದ ಎಡಗೈಯ ಬೆರಳಿಗೆ ಮಾತ್ರ ತಿಳಿಯುತ್ತದೆ. ಹದಿನೆಂಟು ವರ್ಷದಲ್ಲಿ ಅವನ ಕೈಯಲ್ಲಿ ಒಂದೆತ್ತೂ ಕುಂಟಿರಲಿಲ್ಲ. ಇದನ್ನು ಅವನೇ ದಿನಕ್ಕೆ ಮೂರು ಸಲ ಹೇಳುತ್ತಿದ್ದ.

ಒಂದು ಸೋಮವಾರ ಹೋರಿಯೊಂದು ಒದ್ದಾಡಿತು, ಗೊರಸು ಕೆತ್ತುವ ಉಳಿ ಜಾರಿ ಅವನ ಎಡ ಮಣಿಕಟ್ಟನ್ನು ಸೀಳಿತು. ತುಂಡಾಗಿದ್ದ ನರದ ಎರಡೂ ತುದಿಯನ್ನು ಡಾಕ್ಟರು ಕೂಡಿಸಿ ಹೊಲಿದರು. ಗಾಯ ಮಾಯಿತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಮಾತ್ರ ಮುಟ್ಟಿದ್ದೂ ತಿಳಿಯದ ಕಟ್ಟಿಗೆಯಾದವು. ಮುಂದಿನ ಸೋಮವಾರಗಳಲ್ಲಿ ಮುದ್ದೇಬಿಹಾಳದಿಂದ ನಬಿಲಾಲನೆಂಬ ನಾಲಬಂದ ಬಂದು ಅದೇ ಗಿಡದ ಕೆಳಗೆ ಕೂತ. ದಾವಲಮಲಿಕ ಎದುರಿನ ಕಟ್ಟೆಯ ಮೇಲೆ ಕೂತು ನೋಡಿದ. ನಾಲ್ಕನೆಯ ವಾರ ಎದೆ ಹಿಡಿದುಕೊಂಡು ದವಾಖಾನೆಗೆ ಬಂದ.

"ಎದಿ ಸುತ್ತಿಗಿ ಹೊಡದಂಗ ಹೊಡಕೊಳ್ಳಾಕತ್ತೇತ್ರಿ ಸಾಹೇಬ್ರ. ನಾ ಉಳಿಯೂದಿಲ್ಲ."

ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. "ಎದಿ ಗಟ್ಟಿ ಐತಿ. ನಿನ್ನ ತಲಿ ಎದಿಗೆ ಚಾಟಿ ಹೊಡ್ಯಾಕತ್ತೇತಿ. ತಲಿಯಿಂದ ಎದಿತನಕ ನರಗೋಳು ಅದಾವ. ದಿನಾ ಹಿಂಗ ಚಿಂತಿ ಮಾಡಿ ಅವನ್ನ ಜಗ್ಗಿದ್ರ ಗಟ್ಟಿ ಎದಿನೂ ಒಂದಿನ ಕೆಡತೈತಿ."

"ಬೆರಳು ಬಂದ್ರ ಚಿಂತಿ ಬಿಡ್ತೇನ್ರಿ. ಬರ್ತಾವೇನು?"

"ನರ ದಿನಕ್ಕ ಒಂದು ಗಸಗಸಿ ಕಾಳಿನಷ್ಟು ಬೆಳಿತೈತಿ. ಬರಬಹುದು. ನಾಕೈದು ತಿಂಗಳ ತಡಿ."

ಬರಬಹುದು ಎಂಬ ಮಾತಿನ ಮೇಲೆ ಯಾರು ತಾನೇ ನಾಲ್ಕು ತಿಂಗಳು ಕೂರುತ್ತಾರೆ? ಆ ವಾರವೇ ನಾನು ಡಾಕ್ಟರ ಮೇಜಿನ ಮೇಲಿದ್ದ ಪರದೇಶದ ಪತ್ರಿಕೆಯನ್ನು ನಿಘಂಟಿನ ಹೆಗಲ ಮೇಲೆ ಕೈಹಾಕಿಕೊಂಡು ಎರಡು ಪುಟ ಓದಿದ್ದೆ. ನರ ಬೆಳೆಸುವ ಒಂದು ಪ್ರೋಟೀನು ಸಿಕ್ಕಿದೆಯಂತೆ. ಅದು ಹಾವಿನ ವಿಷದಲ್ಲಿದೆ, ಗಂಡಿಲಿಯ ಜೊಲ್ಲಿನ ಗ್ರಂಥಿಯಲ್ಲೂ ಇದೆ. ಮೂರನೆಯ ಪುಟ ಓದುವ ವ್ಯವಧಾನ ಎಲ್ಲಿತ್ತು? ಚಹಾದಂಗಡಿಯಲ್ಲಿ ದಾವಲಮಲಿಕನನ್ನು ಕೂರಿಸಿ ಎಲ್ಲವನ್ನೂ ಬಡಿಸಿದೆ.

"ಹಾವು ಬ್ಯಾಡ್ರಿ," ಎಂದ ಅವನು ಬಹಳ ಹೊತ್ತು ಯೋಚಿಸಿ. "ಇಲಿ ಹೆಂಗೂ ಮನ್ಯಾಗ ಅದಾವ."

ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಬಿಬಿಜಾನ ಗಂಡನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ತೋರುಬೆರಳಿನ ತುದಿ ರಕ್ತವಾಗಿತ್ತು.

"ನೋಡ್ರಿ ಡಾಕ್ಟರ್ರ! ಬೆರಳಿಗೆ ಬೆಲ್ಲಾ ಸವರಿ ಇಲಿ ಬೋನಿನ್ಯಾಗ ಇಟಗೊಂಡು ಕುಂದರತಾರ. ಗಂಡಿಲಿನ ಬೇಕಂತ! ಹೆಣ್ಣಿಲಿ ಸಿಕ್ರ ಬಿಟ್ಟು ಬಿಡ್ತಾರ. ನಿನ್ನಿ ಇಲಿ ಬೆರಳ ಕಡದೈತಿ, ಇವರಿಗೆ ಖಬರಿಲ್ಲ. ಧೋತರ ಕೆಂಪಾತು, ನಾ ನೋಡಿ ಚೀರಿದೆ."

"ಕಡದಿದ್ದು ಗೊತ್ತಾಗಲಿಲ್ಲ ಅನ್ನೂದ ನನಗ ದುಃಖ," ಎಂದ ದಾವಲಮಲಿಕ.

"ಯಾರು ಹೇಳಿದ್ರು ಇದನ್ನ?" ಎಂದರು ಡಾಕ್ಟರು. ನಾನು ಬಾಟಲಿಗಳ ಹಿಂದೆ ಬಾಟಲಿಯಾಗಲು ನೋಡಿದೆ. ಬಿಬಿಜಾನ ಬೆರಳು ತೋರಿಸಿದಳು, ಅದೂ ಸರಿಯಾಗಿ ನನ್ನ ಮೂಗಿಗೇ.

ಗಾಯ ತೊಳೆದು, ಸೂಜಿ ಚುಚ್ಚಿ, ಡಾಕ್ಟರು ನನ್ನ ಕಡೆ ತಿರುಗಿದರು. "ಗ್ರಂಥಿಯಿಂದ ಸೋಸಿ ತಗದಿದ್ದನ್ನ ಇಲಿಮರಿಗೋಳಿಗೆ ಚುಚ್ಚಿ ನೋಡ್ಯಾರ, ಮನಶ್ಯಾಗಲ್ಲ. ಅದರಿಂದ ದಪ್ಪ ಆಗಿದ್ದು ಎದಿಗೆ ಹೋಗೂವಂಥಾ ನರ, ಎದಿ ಓಡಸೂ ಜಾತೀವು. ಇವನ ಎದಿ ಮೊದಲ ಓಡಾಕತ್ತೇತಿ, ನೀ ಮತ್ತಷ್ಟು ಓಡಸ್ತಿ ಏನೋ ಪಂಡಿತಾ?"

ಆಮೇಲೆ ಬಿಬಿಜಾನಳಿಗೆ ಕೆಲಸ ಹೇಳಿದರು. ಇಲಿಯ ಜಾಗಕ್ಕೆ ಅವಳು ಬಂದಳು. ದಿನಾ ಮುಂಜಾನೆ ಗಂಡನ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಗೆ ಕಾಳು ಕೊಡುವುದು: ಜೋಳವೋ, ತೊಗರಿಯೋ, ಕುಸುಬೆಯೋ? ಮೊದಲೆರಡು ತಿಂಗಳು ಅವನು ಎಲ್ಲಕ್ಕೂ ಜೋಳ ಎಂದ. "ಬರೇ ಜ್ವಾಳನ ಬೆಳದೀರೇನು?" ಎಂದು ಅವಳು ಬೈಯುತ್ತಿದ್ದುದು ಓಣಿಗೆಲ್ಲ ಕೇಳುತ್ತಿತ್ತು. ಮೂರನೆಯ ತಿಂಗಳು ಅಂಗೈಯಲ್ಲಿ ಇರುವೆ ಹರಿದಂತಾಗುತ್ತದೆ ಎಂದ. ಐದನೆಯ ತಿಂಗಳಲ್ಲಿ ಒಂದು ದಿನ ಕುಸುಬೆಗೆ ಕುಸುಬೆ ಎಂದ. ಅವಳು ಬೈಯುವುದು ಬಿಟ್ಟು ಕಣ್ಣೊರೆಸಿಕೊಂಡಳಂತೆ; ಮರುಗಳಿಗೆ, "ಅಂದಾಜಿನ ಮ್ಯಾಲ ಹೇಳಿರಬೇಕು," ಎಂದು ಇನ್ನೊಂದು ಕಾಳು ಕೊಟ್ಟಳಂತೆ.

ಮುಂದಿನ ಸೋಮವಾರ ಅವನು ಬೇವಿನ ಗಿಡದ ಕೆಳಗೆ ಹೋಗಿ ಕೂತ. ಯಾರೂ ಎತ್ತು ಕೊಡಲಿಲ್ಲ. ಕೊನೆಗೆ ಗೊಳಸಂಗಿಯ ಶಂಕ್ರೆಪ್ಪ ತನ್ನ ಬಿಳಿ ಎತ್ತನ್ನು ಮುಂದೆ ತಂದ. "ಕುಂಟಿದ್ರ ನಿನ್ನ ಹೆಗಲಿಗೆ ನೊಗಾ ಕಟ್ತೇನಿ ನೋಡು," ಎಂದ. ಎತ್ತು ಕೆಡವಲು ಒಂದಾಳು ಕಡಿಮೆಯಿತ್ತು. ನೋಡಲು ಬಂದಿದ್ದ ಡಾಕ್ಟರು ಜೊತೆಗಿದ್ದ ನನ್ನನ್ನು ಮುಂದಕ್ಕೆ ನೂಕಿದರು. ಬಿಳಿ ಕೋಟಿನ ಸಮೇತ ನಾನು ಎತ್ತಿನ ಕುತ್ತಿಗೆಯ ಮೇಲೆ ಕೂತೆ.

ಮೊದಲ ಮೊಳೆ ಏರಿತು. ಎರಡನೆಯದಕ್ಕೆ ಎರಡು ಪೆಟ್ಟು ಹಾಕಿದವನು ತಟ್ಟನೆ ನಿಲ್ಲಿಸಿ, ಇಕ್ಕಳ ಹಾಕಿ ಮೊಳೆಯನ್ನು ಕಿತ್ತುಬಿಟ್ಟ. ಮಂದಿ, "ಹೋತು, ಕೈ ಹೋತು," ಎಂದಿತು. ಶಂಕ್ರೆಪ್ಪ ಹಗ್ಗಕ್ಕೆ ಕೈಹಾಕಿದ.

"ತಡೀರಿ ಗೌಡ್ರ!" ದಾವಲಮಲಿಕ ಎಡಗೈ ಮೇಲೆತ್ತಿದ. "ಮೊಳಿ ಒಳಗ ಹೊಂಟಿತ್ತು. ಎತ್ತಿಗೆ ತಾಗೂಕಿಂತ ಮೊದಲ ನನಗ ತಿಳೀತು. ಬೆರಳಿಗೆ ತಿಳೀತ್ರಿ!"

ನಬಿಲಾಲ ತನ್ನ ಕೆಲಸ ಬಿಟ್ಟು ಬಂದು ಆ ಮೊಳೆಯನ್ನು ಬಿಸಿಲಿಗೆ ಹಿಡಿದು ನೋಡಿದ. ತುದಿ ಒಳಕ್ಕೆ ಹೊರಳಿತ್ತು. ತನ್ನ ಚೀಲದಿಂದ ಹೊಸದೊಂದು ಮೊಳೆ ತೆಗೆದು ದಾವಲಮಲಿಕನ ಎಡಗೈಗೆ ಇಟ್ಟ.

ಎಲ್ಲ ಮೊಳೆ ಮುಗಿದ ಮೇಲೆ ಡಾಕ್ಟರು ದಾವಲಮಲಿಕನ ನಾಡಿ ಹಿಡಿದರು: ಎಪ್ಪತ್ತಾರು. ಮತ್ತೆ ಯಾಕೋ, ಎತ್ತಿನ ಕುತ್ತಿಗೆಯ ಮೇಲೆ ಇನ್ನೂ ಕೂತೇ ಇದ್ದ ನನ್ನದನ್ನೂ ಹಿಡಿದರು: ನೂರಾ ಇಪ್ಪತ್ತು.

"ಇಳಿ ಮಾರಾಯಾ," ಎಂದರು, "ಎತ್ತು ಏಳಲಿ."