ಮೊಳೆ ಬಿದ್ದ ಮಾಲು ವಾಪಸ್ ಇಲ್ಲ

ಸ್ವೀಡನ್ನಿನ ಉಮೆಯೊ ಊರಿನಲ್ಲಿ ಹುಣಸೆಹಣ್ಣು, ಕರಿಬೇವು ಬೇಕೆಂದರೆ ಹಯವದನನ ಅಂಗಡಿಗೇ ಬರಬೇಕು. ಗಲ್ಲಾದ ಹಿಂದೆ ಮೂರು ಭಾಷೆಗಳಲ್ಲಿ ಒಂದು ಫಲಕವಿದೆ: ‘ಮಾರಿದ ಮಾಲು ವಾಪಸ್ ಇಲ್ಲ.’ ಕೊಂಡದ್ದನ್ನು ತಿಂಗಳು ಬಿಟ್ಟು ತಂದರೂ ನಗುನಗುತ್ತಾ ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗಳ ದೇಶದಲ್ಲಿ ಇಂಥ ಫಲಕ ತೂಗುಹಾಕಲು ಎದೆಗಾರಿಕೆ ಬೇಕು. ಹಯವದನನಿಗೆ ಅದು ತಾಯಿಯ ಕಡೆಯಿಂದ ಬಂದ ಆಸ್ತಿ. ಅವನ ತಾಯಿ ಅನುರಾಧಮ್ಮ ಗಾಂಧಿಬಜಾರಿನಲ್ಲಿ ಮೂವತ್ತು ವರ್ಷ ರವಿಕೆಬಟ್ಟೆ ಮಾರಿದವರು. ಕತ್ತರಿ ಬಿದ್ದ ಬಟ್ಟೆಯನ್ನು ಸಾಕ್ಷಾತ್ ದೇವರೇ ಹಿಡಿದುಕೊಂಡು ಬಂದರೂ ವಾಪಸ್ ತೆಗೆದುಕೊಂಡವರಲ್ಲ.

ಹಯವದನ ಇಲ್ಲಿಗೆ ಬಂದದ್ದು ಸಾಫ್ಟ್‌ವೇರ್ ಬರೆಯಲು. ಕಾಯಂ ವಾಸದ ಕಾಗದ ಕೈಗೆ ಬಂದ ತಿಂಗಳೇ ಬೇಳೆ ತೂಗಲು ಕೂತ. “ಕಂಪ್ಯೂಟರಲ್ಲಿ ಏನ್ ಮಾಡಿದ್ರೂ ಅನ್‌ಡೂ ಇರುತ್ತೆ ಕಣ್ರೀ. ವ್ಯಾಪಾರದಲ್ಲಿ ಇಲ್ಲ. ಅದಕ್ಕೇ ಮಜಾ,” ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಅವನ ಹೆಂಡತಿ ವೈದೇಹಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಫಲಕದ ಮೇಲೆ. ಉತ್ತರದ ಜೌಗುನೆಲದಲ್ಲಿ ನೂರಾರು ವರ್ಷಗಳಿಂದ ಒಳಗೇ ಹೆಪ್ಪುಗಟ್ಟಿ ನಿಂತ ದಿಬ್ಬಗಳು ಈಗ ಕರಗಿ, ಕುಸಿದು, ಹೊಂಡಗಳಾಗುತ್ತಿವೆ. ಮತ್ತೆ ಎಷ್ಟೇ ಚಳಿ ಬಿದ್ದರೂ ಆ ದಿಬ್ಬ ಏಳುವುದಿಲ್ಲ ಎನ್ನುವುದು ಅವಳ ಸಂಶೋಧನೆ.

“ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಿದ್ರೆ ಆಗೋಯ್ತಲ್ಲ?” ಎಂದು ಹಯವದನ ಒಮ್ಮೆ ಕೇಳಿದ್ದ.

“ಮೊದ್ಲು ಆ ಮೊಸರನ್ನ ಹಾಲು ಮಾಡ್ಕೊಡಿ, ಆಮೇಲೆ ಮಾತಾಡೋಣ,” ಎಂದಿದ್ದಳು ವೈದೇಹಿ.

ಮೇ ತಿಂಗಳ ಆ ಬುಧವಾರ ಅವಳ ‘ಸ್ಪಿಕ್ನಿಂಗ್’. ಸ್ವೀಡನ್ನಿನ ಪದ್ಧತಿ ಇದು: ಅಚ್ಚಾದ ಮಹಾಪ್ರಬಂಧಕ್ಕೆ ಸುತ್ತಿಗೆಯಿಂದ ಮೊಳೆ ಹೊಡೆದು ವಿಭಾಗದ ಮರದ ಹಲಗೆಗೆ ನೇತುಹಾಕಬೇಕು, ಅದೂ ಮೌಖಿಕ ಪರೀಕ್ಷೆಗೆ ಮೂರು ವಾರ ಮುಂಚೆ. ಮೊಳೆ ಬಿತ್ತೋ, ಆಮೇಲೆ ಒಂದಕ್ಷರ ಬದಲಾಯಿಸುವಂತಿಲ್ಲ. ಮೂರು ವಾರದ ಗಡುವಿಗೆ ಅಂದೇ ಕೊನೆಯ ದಿನ. ಮೊಮ್ಮಗಳನ್ನು ನೋಡಿಕೊಳ್ಳಲು ನಾಲ್ಕನೆಯ ಸಲ ಬಂದಿದ್ದ ಅನುರಾಧಮ್ಮ ಬೆಳಗಿನಿಂದಲೇ ರೇಷ್ಮೆ ಸೀರೆಯುಟ್ಟು, ಮೇಲೆ ದಪ್ಪ ಜಾಕೆಟ್ಟು ತೊಟ್ಟು, ಬಾಗಿಲಲ್ಲಿ ತುದಿಗಾಲಿನಲ್ಲಿ ನಿಂತಿದ್ದರು.

ಹಯವದನ ಮಾತ್ರ ಅಡಿಗೆಮನೆಯಲ್ಲಿ ಬೆವರುತ್ತಿದ್ದ. ಆಗಷ್ಟೇ ಅವನು ಪುಸ್ತಕದ ಅರ್ಪಣೆಯ ಪುಟ ತೆರೆದಿದ್ದ. ಇಡೀ ಪುಸ್ತಕದಲ್ಲಿ ಕನ್ನಡ ಅಂತ ಇದ್ದದ್ದು ಅದೊಂದೇ ಸಾಲು, ಅದನ್ನು ಫೋನಿನಲ್ಲಿ ಟೈಪ್ ಮಾಡಿಕೊಟ್ಟವನೂ ಅವನೇ. ಇಂಗ್ಲಿಷಿನ ಅಲ್ಪವಿರಾಮ ಹುಡುಕಿ ಹುಡುಕಿ ಸುಸ್ತಾಗಿದ್ದ ವೈದೇಹಿ, ಕನ್ನಡವನ್ನು ಗಂಡನ ಮೇಲೆ ಬಿಟ್ಟಿದ್ದಳು. ‘ನಮ್ಮ ಮನೆಯ ಭಾರವನ್ನೆಲ್ಲ ಹೊತ್ತ ಪ್ರೀತಿಯ ಅತ್ತೆಗೆ’ ಎಂದು ಇರಬೇಕಿತ್ತು. ಆದರೆ ಗೆಳೆಯ ರಾಜಗೋಪಾಲನನ್ನು ಹಯವದನ ದಿನಕ್ಕೆ ಹತ್ತು ಸಲ ಬೈಯುತ್ತಿದ್ದ ಪದವೊಂದು ಫೋನಿಗೆ ಬಾಯಿಪಾಠವಾಗಿತ್ತು. ಅದು ತನ್ನ ಬುದ್ಧಿ ಉಪಯೋಗಿಸಿತ್ತು.

‘ನಮ್ಮ ಮನೆಯ ಭಾರವನ್ನೆಲ್ಲ ಹೊತ್ತ ಪ್ರೀತಿಯ ಕತ್ತೆಗೆ.’

ನೂರಿಪ್ಪತ್ತು ಪ್ರತಿ. ದಪ್ಪ ರಟ್ಟು.

ಹೆಂಡತಿಗೆ ಹೇಳಿದರೆ ಇವತ್ತಿನ ಮೊಳೆ ನಿಲ್ಲುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಅಮ್ಮನ ವೀಸಾ ಮುಗಿಯುತ್ತದೆ. ಹೇಳದಿದ್ದರೆ ಅಮ್ಮ ಓದುತ್ತಾರೆ. ಹಯವದನನ ವ್ಯಾಪಾರಿ ಬುದ್ಧಿ ಓಡಿತು. ಅಂಗಡಿಯ ಬೆಲೆಚೀಟಿ ಅಂಟಿಸುವ ಯಂತ್ರ ಚೀಲದಲ್ಲೇ ಇತ್ತು. ಮೊಳೆ ಹೊಡೆಯುವ ಪ್ರತಿಯ ಆ ಪದದ ಮೇಲೆ ಬಿಳಿ ಚೀಟಿಯೊಂದನ್ನು ಟಕ್ಕೆಂದು ಅಂಟಿಸಿದ. ಉಳಿದ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದ.

ವಿಭಾಗದಲ್ಲಿ ಹಲಗೆಯ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ‘ಫೀಕಾ’ ಎನ್ನುವ ಅಲ್ಲಿಯ ಕಾಫಿ ವಿರಾಮಕ್ಕೆ ಕೇಕು, ಕಾಫಿ ಸಿದ್ಧವಾಗಿತ್ತು. ಪ್ರೊಫೆಸರ್ ಸುತ್ತಿಗೆ ಹಿಡಿದಿದ್ದರು. ವೈದೇಹಿಯ ಮುಖ ಮದುವೆಯ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹಯವದನ ಅದನ್ನು ಗಮನಿಸಿಕೊಂಡು, ಡಿಕ್ಕಿಯ ಕೀಲಿಯನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದ.

“ಅತ್ತೆ, ಮೊದ್ಲು ನೀವು ನೋಡಿ. ನಿಮಗೇ ಅಂತ ಒಂದ್ ಪುಟ ಇದೆ,” ಎಂದು ವೈದೇಹಿ ಪುಸ್ತಕ ಕೊಟ್ಟಳು.

ಅನುರಾಧಮ್ಮ ಕನ್ನಡಕ ಏರಿಸಿದರು. ಚೀಟಿ ಕಂಡಿತು. ಚೀಟಿಯಿದೆ ಎಂದರೆ ಅದರಡಿ ಹಳೇ ಬೆಲೆಯಿದೆ ಎಂದು ಮೂವತ್ತು ವರ್ಷ ಕಲಿತ ಉಗುರು ಅದು. ಹಯವದನ “ಅಮ್ಮಾ!” ಎನ್ನುವಷ್ಟರಲ್ಲಿ ಚೀಟಿ ಅವರ ಬೆರಳ ತುದಿಯಲ್ಲಿತ್ತು.

ಅವರು ಓದಿದರು. ಪಕ್ಕದಿಂದ ವೈದೇಹಿಯೂ ಓದಿದಳು.

“ಅಯ್ಯೋ ರಾಮ! ಅತ್ತೆ, ನನ್ನಾಣೆ, ನಾನು ಹೀಗ್ ಬರೀಲಿಲ್ಲ. ಬೇಡ, ನಿಲ್ಲಿಸ್ತೀನಿ. ಪರೀಕ್ಷೆ ಮುಂದಕ್ಕೆ ಹೋದ್ರೆ ಹೋಗ್ಲಿ, ಬೇರೆ ಪ್ರಿಂಟ್ ಹಾಕಿಸ್ತೀನಿ…”

“ಟೈಪ್ ಮಾಡಿದ್ದು ಯಾರು?”

“ನಾನೇ ಅಮ್ಮ,” ಎಂದ ಹಯವದನ, ಕೇಕಿನ ಕಡೆ ನೋಡುತ್ತಾ.

ಅನುರಾಧಮ್ಮ ಮಗನನ್ನು ಮೇಲಿಂದ ಕೆಳಗೆ ಅಳೆದರು, ಬಟ್ಟೆ ಅಳೆಯುವ ಹಾಗೆ. “ಕುದುರೆ ಮುಖದ ದೇವರ ಹೆಸರಿಟ್ಟೆ ನಿಂಗೆ. ಈಗ ಅಸಲು ಗೊತ್ತಾಯ್ತು. ನಾನು ಕತ್ತೆ ಅಂತ ಅಚ್ಚು ಹಾಕಿಸಿದ್ದೀಯಲ್ಲೋ, ಹಂಗಾದ್ರೆ ನೀನು ಯಾರ ಮಗ?”

ವೈದೇಹಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಸ್ವೀಡಿಷರು ಏನು, ಏನು ಎಂದು ಮುಖ ಮುಖ ನೋಡಿದರು. ಮೊಮ್ಮಗಳ ಶಿಶುವಿಹಾರವಾದ ‘ಡಾಗಿಸ್‌’ನ ಚಿತ್ರಪುಸ್ತಕದಿಂದ ಅನುರಾಧಮ್ಮ ಕಲಿತ ಸ್ವೀಡಿಷ್‌ನಲ್ಲಿ ಪ್ರಾಣಿಗಳೇ ಹೆಚ್ಚು. ಅವರು ಎದೆ ತಟ್ಟಿಕೊಂಡು ಪ್ರೊಫೆಸರಿಗೆ ಘೋಷಿಸಿದರು: “ಯಾಗ್, ಓಸ್ನಾ!” ನಾನು ಕತ್ತೆ. ಆಮೇಲೆ ಮಗನ ಕಡೆ ಬೆರಳು ತೋರಿಸಿದರು: “ಲಿಲ್ಲಾ ಓಸ್ನಾ!” ಮರಿ ಕತ್ತೆ.

ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಯಾರದೋ ಕಾಫಿ ಚೆಲ್ಲಿತು.

“ಬದಲಾಯಿಸ್ತೀನಿ ಅತ್ತೆ, ನಿಜವಾಗ್ಲೂ,” ಎಂದಳು ವೈದೇಹಿ.

“ಏನ್ ಬದಲಾಯಿಸೋದು? ಗಂಟು ಹೊತ್ತಿದ್ದು ಸುಳ್ಳಾ? ಕತ್ತರಿ ಬಿದ್ದ ಬಟ್ಟೆ ನಮ್ಮನೇಲಿ ಯಾವತ್ತಾದ್ರೂ ವಾಪಸ್ ತಗೊಂಡಿದ್ದೀವಾ? ಹೊಡಿ ಮಗಳೇ, ಇವತ್ತೇ ಹೊಡಿ.”

ವೈದೇಹಿ ಕಣ್ಣೊರೆಸಿಕೊಂಡು ಮೊದಲ ಏಟು ಹಾಕಿದಳು. ಮೊಳೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಅನುರಾಧಮ್ಮ ಸೆರಗು ಸಿಕ್ಕಿಸಿ ಸುತ್ತಿಗೆ ಎತ್ತಿದರು. ಠಣ್, ಠಣ್, ಠಣ್. ಹಲಗೆ ನಡುಗಿತು, ಚಪ್ಪಾಳೆ ಸಿಡಿಯಿತು. ಹಯವದನ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದ.

“ಹಯ, ಉಳಿದ ಪ್ರತಿ ಎಲ್ಲೋ?”

“ಡಿಕ್ಕಿಯಲ್ಲಿ.”

“ಹತ್ತು ನನ್ನ ಪೆಟ್ಟಿಗೆಗೆ ಹಾಕು. ಗಾಂಧಿಬಜಾರಲ್ಲಿ ಹಂಚ್ತೀನಿ.”

“ಅಮ್ಮಾ, ಊರೆಲ್ಲಾ ಓದ್ತಾರೆ!”

“ಓದ್ಲಿ,” ಎಂದರು ಅನುರಾಧಮ್ಮ, ಕೇಕಿನ ದೊಡ್ಡ ತುಂಡಿಗೆ ಕೈಹಾಕುತ್ತಾ. “ಕೊಟ್ಟ ಮೇಲೆ ವಾಪಸ್ ಮಾತ್ರ ತಗೊಳಲ್ಲ.”